ಕುಣಿಯಲು ಒಂದು ಕೋಣೆ

ಇಂಗ್ಲೆಂಡಿನಿಂದ ಬಂದವರನ್ನು ಮೈಸೂರಿನ ಜನ ಕೇಳುವ ಪ್ರಶ್ನೆಗಳು ಗೊತ್ತಿರುವವೇ. ಚಳಿ ಹೇಗಿತ್ತು, ಊಟಕ್ಕೇನು ಮಾಡಿಕೊಂಡಿರಿ, ಲಂಡನ್ ಪೂರ್ತಿ ನೋಡಿದಿರಾ. ಲಂಡನ್ನಿಗಿಂತ ಕಾವೆಂಟ್ರಿಯಲ್ಲಿ ಇದ್ದದ್ದೇ ಹೆಚ್ಚು ಎಂದರೆ ಕೇಳಿದವರ ಮುಖ ಸಪ್ಪಗಾಗುತ್ತದೆ. ಆಗ ಬಾಂಬಿಗೆ ಸುಟ್ಟ ಚರ್ಚಿನ ಕಥೆ ತೆಗೆಯುತ್ತೇನೆ. ಯುದ್ಧ, ಬೆಂಕಿ, ಕ್ಷಮೆ ಎಲ್ಲವೂ ಅದರಲ್ಲಿರುವುದರಿಂದ ಅವರಿಗೂ ಸಮಾಧಾನ, ನನಗೂ ಸಮಾಧಾನ. ಪಬ್ಬೊಂದರ ಹಿಂದಿನ ಕೋಣೆಯಲ್ಲಿ, ಸ್ಕಾ ಎಂಬ ಕುಣಿತದ ಸಂಗೀತ ನುಡಿಸುವ, ಊರಾಚೆ ಯಾರೂ ಹೆಸರು ಕೇಳಿರದ ಬ್ಯಾಂಡೊಂದರ ಮುಂದೆ ಕಳೆದ ಸಂಜೆಯ ವಿಷಯ ಮಾತ್ರ ಇಲ್ಲಿ ಯಾರಿಗೂ ನೆಟ್ಟಗೆ ಹೇಳಲಾಗಿಲ್ಲ. ಅರವತ್ತರ ಹೊಸ್ತಿಲಲ್ಲಿರುವ, ಸಂಗೀತವೆಂದರೆ ಚಾಪೆಯ ಮೇಲೆ ಕೂತು ತೊಡೆ ತಟ್ಟುವುದು ಎಂದು ಬೆಳೆದ ಮನುಷ್ಯ ಅಲ್ಲಿಗೇಕೆ ಹೋದ ಎಂಬಲ್ಲಿಂದ ಶುರುಮಾಡಬೇಕಾಗುತ್ತದೆ.

ನನ್ನನ್ನು ಕಾವೆಂಟ್ರಿಗೆ ಕರೆಸಿಕೊಂಡವಳು ಅಣ್ಣನ ಮಗಳು. ಅಲ್ಲಿ ಕಾರು ತಯಾರಿಸುವ ಕಡೆ ಎಂಜಿನಿಯರ್ ಆಗಿದ್ದಾಳೆ. "ನೀವು ಪುಸ್ತಕದಲ್ಲಿ ಓದಿರೋ ಇಂಗ್ಲೆಂಡ್ ಇಲ್ಲಿ ಸಿಗಲ್ಲ ಚಿಕ್ಕಪ್ಪ, ಆದ್ರೂ ಬನ್ನಿ" ಎಂದು ಮೊದಲೇ ಎಚ್ಚರಿಸಿದ್ದಳು. ಅವಳ ಮಾತು ನಿಜ. ರೈಲಿಳಿದು ಊರಿನ ಕಡೆ ನಡೆದರೆ ಮೊದಲು ಎದುರಾಗುವುದು ರಿಂಗ್ ರೋಡಿನ ಕಾಂಕ್ರೀಟು. ಊರಿನ ನಡುಭಾಗವನ್ನು ಸುತ್ತುವರಿದ ಆ ರಸ್ತೆ ಕೆಲವು ಕಡೆ ಕಂಬಗಳ ಮೇಲೆ, ಕೆಲವು ಕಡೆ ತಗ್ಗಿನಲ್ಲಿ ಓಡುತ್ತದೆ. ನಡೆದು ಹೋಗುವವರು ಅದರ ಕೆಳಗೋ ಮೇಲೋ ದಾರಿ ಮಾಡಿಕೊಳ್ಳಬೇಕು. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ ರೋವರ್ ಸೈಕಲ್ಲನ್ನು ತಯಾರಿಸಿದ್ದು ಈ ಊರಿನಲ್ಲಿ. ಎರಡೂ ಚಕ್ರ ಹೆಚ್ಚುಕಡಿಮೆ ಒಂದೇ ಎತ್ತರ, ಹಿಂದಿನ ಚಕ್ರಕ್ಕೆ ಚೈನು. ನಾನು ಕಾಲೇಜಿಗೆ ತುಳಿದ ಸೈಕಲ್ಲಿನ ಮೂಲಪುರುಷ ಅದು. ಸೈಕಲ್ಲಿನಿಂದ ಮೋಟಾರ್ ಸೈಕಲ್ಲು, ಅಲ್ಲಿಂದ ಕಾರು, ವಿಮಾನದ ಎಂಜಿನ್ನು ಎಂದು ಕಾರ್ಖಾನೆಗಳು ಬೆಳೆದವು. ಕೈತುಂಬ ಸಂಬಳ ಸಿಗುವ ಊರು ಎಂದು ಐರ್ಲೆಂಡಿನಿಂದ, ಜಮೈಕಾದಿಂದ, ಪಂಜಾಬಿನಿಂದ ಜನ ಬಂದರು. ಬ್ರಿಟನ್ನಿನ ಇಂಡಿಯನ್ ವರ್ಕರ್ಸ್ ಅಸೋಸಿಯೇಷನ್ 1938ರಲ್ಲಿ ಹುಟ್ಟಿದ್ದೂ ಇಲ್ಲೇ. ಕಾರ್ಖಾನೆಗಳಿದ್ದವು ಎಂಬ ಕಾರಣಕ್ಕೇ ಜರ್ಮನಿಯ ವಿಮಾನಗಳೂ ಬಂದವು.

1940ರ ನವೆಂಬರ್ 14ರ ರಾತ್ರಿ ಸುಟ್ಟ ಚರ್ಚನ್ನು ಇಲ್ಲಿಯವರು ಕೆಡವಲಿಲ್ಲ, ಹಳೆಯದರಂತೆ ಮತ್ತೆ ಕಟ್ಟಲೂ ಇಲ್ಲ. ಸೂರಿಲ್ಲದ ಗೋಡೆಗಳನ್ನು ಹಾಗೇ ನಿಲ್ಲಿಸಿ, ಅದಕ್ಕೆ ಒತ್ತಿಕೊಂಡಂತೆ ಹೊಸ ಕೆಥೆಡ್ರಲ್ ಎಬ್ಬಿಸಿದರು. ಬೇಸಿಲ್ ಸ್ಪೆನ್ಸ್ ಎಂಬ ವಾಸ್ತುಶಿಲ್ಪಿಯ ಆ ಕಟ್ಟಡ 1962ರ ಮೇ ತಿಂಗಳಲ್ಲಿ ಪೂಜೆಗೆ ತೆರೆಯಿತು. ಹಳೆಯ ಅಂಗಳದಲ್ಲಿ ಮಳೆ ಹನಿಯುತ್ತಿತ್ತು. ಕಿಟಕಿಗಳಲ್ಲಿ ಗಾಜಿಲ್ಲ, ಕಲ್ಲಿನ ಕೆತ್ತನೆಯಷ್ಟೇ ಉಳಿದಿದೆ. ಅಲ್ಲಿ ನಿಂತಿದ್ದಾಗ ಮಗಳು ಒಂದು ಸಂಗತಿ ಹೇಳಿದಳು. ಈ ಕೆಥೆಡ್ರಲ್ಲಿನಲ್ಲಿ ಅರವತ್ತರ ದಶಕದಲ್ಲಿ ಹೊರೇಸ್ ಡ್ಯಾಮರ್ಸ್ ಎಂಬ ಪಾದ್ರಿಯಿದ್ದರು. ಅದಕ್ಕೂ ಮುಂಚೆ ದಕ್ಷಿಣ ಭಾರತದಲ್ಲಿ ಕೆಲಸ ಮಾಡಿದ್ದವರು. ಅವರ ಮಗ ಜೆರ್ರಿ ಹುಟ್ಟಿದ್ದು 1955ರಲ್ಲಿ, ಊಟಿಯಲ್ಲಿ.

"ಯಾವ ಊಟಿ?" ಎಂದೆ.

"ನಮ್ಮ ಊಟಿನೇ ಚಿಕ್ಕಪ್ಪ. ಗುಂಡ್ಲುಪೇಟೆ, ಬಂಡೀಪುರ, ಗೂಡಲೂರು, ಊಟಿ."

ಎರಡು ವರ್ಷದವನಿದ್ದಾಗಲೇ ಇಂಗ್ಲೆಂಡಿಗೆ ಹೊರಟುಹೋದ ಕೂಸಿಗೆ ನೀಲಗಿರಿಯ ಚಳಿಯಾಗಲಿ ಯೂಕಲಿಪ್ಟಸ್ ವಾಸನೆಯಾಗಲಿ ನೆನಪಿರಲಾರದು. ಆದರೂ ಸಾವಿರಾರು ಮೈಲಿ ದೂರದ ಊರಿನಲ್ಲಿ ಬಂಡೀಪುರದ ದಾರಿ ಹೆಸರು ಕೇಳಿದ ಮೇಲೆ ಆ ಪಾದ್ರಿಯ ಮಗನ ಕಥೆಯನ್ನು ಅರ್ಧಕ್ಕೆ ಬಿಡುವುದು ನನ್ನಿಂದಾಗಲಿಲ್ಲ. ಜೆರ್ರಿ ಡ್ಯಾಮರ್ಸ್ 1977ರಲ್ಲಿ ಕಟ್ಟಿದ ಬ್ಯಾಂಡೇ ಮುಂದೆ ದಿ ಸ್ಪೆಷಲ್ಸ್ ಎಂಬ ಸ್ಕಾ ಬ್ಯಾಂಡಾಗಿ ಹೆಸರಾಯಿತು. ಅಂದು ಸಂಜೆ ಆ ದಾರಿಯಲ್ಲೇ ನಡೆಯುತ್ತಿರುವ ಹೊಸ ಬ್ಯಾಂಡೊಂದರ ಕಾರ್ಯಕ್ರಮಕ್ಕೆ ಹೋಗುವುದು ಅವಳ ಯೋಜನೆ. ಅದಕ್ಕೆ ನನ್ನನ್ನು ಅಣಿಮಾಡಲು ಇಡೀ ಹಗಲು ತೆಗೆದಿಟ್ಟಿದ್ದಳು.

ಮೊದಲು ಕರೆದುಕೊಂಡು ಹೋದದ್ದು ಊರಿನ ಕೇಂದ್ರ ಗ್ರಂಥಾಲಯಕ್ಕೆ. ಹಾಡಿನ ವಿಷಯಕ್ಕೆ ಗ್ರಂಥಾಲಯವೇಕೆ ಎಂದು ನಾನು ಕೇಳುವ ಮೊದಲೇ ಅವಳು ಗೋಡೆಯ ಮೇಲಿನ ಫಲಕ ತೋರಿಸಿದಳು. 1960ರಲ್ಲಿ ಲೊಕಾರ್ನೊ ಎಂಬ ಹೆಸರಿನಲ್ಲಿ ತೆರೆದ ನೃತ್ಯಶಾಲೆ ಇದು. ಆಮೇಲೆ ಟಿಫನೀಸ್ ಎಂದಾಯಿತು. ವಾರವಿಡೀ ಕಾರ್ಖಾನೆಯಲ್ಲಿ ದುಡಿದ ಹುಡುಗ ಹುಡುಗಿಯರು ವಾರಾಂತ್ಯಕ್ಕೆ ಇಲ್ಲಿ ಬಂದು ಕುಣಿಯುತ್ತಿದ್ದರು. 1980ರಲ್ಲಿ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ ಸ್ಪೆಷಲ್ಸ್‌ನ ಲೈವ್ ರೆಕಾರ್ಡಿನ ಒಂದು ಮಗ್ಗುಲನ್ನು ಧ್ವನಿಮುದ್ರಿಸಿದ್ದು ಇದೇ ಕಟ್ಟಡದಲ್ಲಿ. 1986ರಲ್ಲಿ ಇದು ಗ್ರಂಥಾಲಯವಾಯಿತು. ಎತ್ತರದ ಸೂರಿನಡಿ ಈಗ ಮಕ್ಕಳ ಪುಸ್ತಕಗಳು, ಕಂಪ್ಯೂಟರ್ ಮೇಜುಗಳು, ಪೇಪರು ಓದುವ ಮುದುಕರು. ಪಂಜಾಬಿ, ಗುಜರಾತಿ ಪುಸ್ತಕಗಳ ಕಪಾಟಿನ ಹತ್ತಿರ ತಲೆಗೆ ದುಪಟ್ಟಾ ಹೊದ್ದ ಅಜ್ಜಿಯೊಬ್ಬರು ಮೊಮ್ಮಗಳಿಗೆ ಮೆಲುದನಿಯಲ್ಲಿ ಕಥೆ ಓದುತ್ತಿದ್ದರು. ನೃತ್ಯಶಾಲೆ ಗ್ರಂಥಾಲಯವಾದದ್ದಕ್ಕೆ ದುಃಖಪಡುವುದು ನನ್ನಂಥ ಪುಸ್ತಕದ ಹುಳುವಿಗೆ ಕಷ್ಟ. ಮಾಲ್ ಆಗಲಿಲ್ಲವಲ್ಲ ಎಂದು ಸಂತೋಷವೇ ಆಯಿತು. ಆದರೆ ಈ ಕಟ್ಟಡದಲ್ಲಿ ಗದ್ದಲ ಮಾಡುತ್ತಿದ್ದವರು ಆಮೇಲೆ ಎಲ್ಲಿಗೆ ಹೋದರು ಎಂಬ ಪ್ರಶ್ನೆ ಅಲ್ಲಿಂದಲೇ ಬೆನ್ನುಹತ್ತಿತು.

ಮಧ್ಯಾಹ್ನ ಬಾಲ್ ಹಿಲ್ ಎಂಬ ಬಡಾವಣೆಗೆ ಹೋದೆವು. ಅಲ್ಲಿನ ವಾಲ್ಸ್‌ಗ್ರೇವ್ ರಸ್ತೆಯಲ್ಲಿ ಸ್ವಯಂಸೇವಕರು ನಡೆಸುವ ಕಾವೆಂಟ್ರಿ ಸಂಗೀತ ಮ್ಯೂಸಿಯಂ ಇದೆ. ಎಲ್ಲಿ ನೋಡಿದರೂ ಕಪ್ಪು ಬಿಳುಪಿನ ಚೌಕಳಿ. ಡ್ಯಾಮರ್ಸ್ 1979ರಲ್ಲಿ ಶುರುಮಾಡಿದ ಟು ಟೋನ್ ಎಂಬ ರೆಕಾರ್ಡ್ ಲೇಬಲ್ಲಿನ ಗುರುತು ಅದು. ಅದರ ಜತೆ ಕಪ್ಪು ಸೂಟು, ಬಿಳಿ ಅಂಗಿ, ಕಪ್ಪು ಟೈ, ಚಿಕ್ಕ ಅಂಚಿನ ಟೋಪಿ ತೊಟ್ಟು ಕೈಗಳನ್ನು ಜೇಬಿಗಿಳಿಸಿ ನಿಂತವನ ಚಿತ್ರ. ಜಮೈಕಾದ ಗಾಯಕ ಪೀಟರ್ ಟಾಶ್ ಅವರ ಹಳೆಯ ಫೋಟೊ ನೋಡಿ ಬರೆದದ್ದು. ಕರಿಯರೂ ಬಿಳಿಯರೂ ಒಂದೇ ವೇದಿಕೆಯಲ್ಲಿ ನಿಂತ ಬ್ಯಾಂಡುಗಳಿಗೆ ಬೇರೆ ಲಾಂಛನ ಬೇಕಿರಲಿಲ್ಲ.

ಹತ್ತಿರದಲ್ಲೇ ಕೆರಿಬಿಯನ್ ಊಟ ಸಿಗುವ ಜಾಗದಲ್ಲಿ ಕೂತೆವು. ತಟ್ಟೆಗೆ ಬಂದದ್ದು ಮೇಕೆ ಮಾಂಸದ ಕರಿ, ತೆಂಗಿನ ಹಾಲಿನಲ್ಲಿ ರಾಜ್ಮಾ ಹಾಕಿ ಬೇಯಿಸಿದ ಅನ್ನ, ಹೋಳು ಮಾಡಿ ಕರಿದ ದಪ್ಪ ಬಾಳೆಹಣ್ಣು. ಮೊದಲ ತುತ್ತಿಗೇ ಅರಿಸಿನ, ಧನಿಯ, ಜೀರಿಗೆ ಗುರುತು ಸಿಕ್ಕಿದವು. ಎರಡನೆಯ ತುತ್ತಿಗೆ ಗುರುತಿಲ್ಲದ ಘಮ, ಗುರುತಿಲ್ಲದ ಖಾರ. ಆಲ್‌ಸ್ಪೈಸ್ ಎಂಬ ಜಮೈಕಾದ ಮಸಾಲೆ ಕಾಳು, ಸ್ಕಾಚ್ ಬಾನೆಟ್ ಎಂಬ ಗಿಡ್ಡ ಮೆಣಸಿನಕಾಯಿ. ನಮ್ಮ ಬ್ಯಾಡಗಿ ಬಣ್ಣ ಹೆಚ್ಚು ಕೊಟ್ಟು ಖಾರ ಕಡಿಮೆ ಮಾಡುತ್ತದೆ, ಇದರ ಸ್ವಭಾವ ತಿರುಗಾಮುರುಗಾ. 1845ರಿಂದ 1917ರವರೆಗೆ ಭಾರತದಿಂದ ಮೂವತ್ತಾರು ಸಾವಿರದಷ್ಟು ಕೂಲಿಗಳನ್ನು ಕರಾರಿನ ಮೇಲೆ ಜಮೈಕಾದ ಕಬ್ಬಿನ ತೋಟಗಳಿಗೆ ಸಾಗಿಸಿದ್ದರು. ಆ ಹಡಗುಗಳಲ್ಲಿ ಹೋದ ಕರಿ ಅಲ್ಲಿಯ ಮದುವೆಮನೆಗಳ ಅಡುಗೆಯಾಗಿ, ಅಲ್ಲಿಂದ ಕಾವೆಂಟ್ರಿಗೆ ಬಂದು ಈಗ ನನ್ನ ಮುಂದಿತ್ತು. ಎರಡು ಸಾಗರ ದಾಟಿದ ಮೇಲೂ ಅರಿಸಿನ ತನ್ನ ಜಾಗ ಬಿಟ್ಟುಕೊಟ್ಟಿರಲಿಲ್ಲ.

ಸ್ಕಾ ಬಂದದ್ದೂ ಜಮೈಕಾದಿಂದಲೇ. ಐವತ್ತರ ದಶಕದ ಕೊನೆಯಲ್ಲಿ ಕಿಂಗ್ಸ್‌ಟನ್ನಿನ ಬೀದಿಗಳಲ್ಲಿ ಮನೆಯೆತ್ತರದ ಸ್ಪೀಕರುಗಳನ್ನು ನಿಲ್ಲಿಸಿ ಅಮೆರಿಕದ ರೆಕಾರ್ಡು ಹಾಕಿ ಕುಣಿಸುತ್ತಿದ್ದರು. ಆ ರೆಕಾರ್ಡುಗಳು ಹಳತಾದಾಗ ಅಲ್ಲಿಯವರೇ ತಮ್ಮ ಹಾಡು ಮಾಡಿಕೊಂಡರು. ಕ್ಯಾಥೊಲಿಕ್ ಸನ್ಯಾಸಿನಿಯರು ನಡೆಸುತ್ತಿದ್ದ ಆಲ್ಫಾ ಬಾಯ್ಸ್ ಸ್ಕೂಲಿನಲ್ಲಿ ಬಡ ಹುಡುಗರಿಗೆ ತುತ್ತೂರಿ, ಟ್ರಾಂಬೋನ್ ಕಲಿಸುತ್ತಿದ್ದರು. ಆ ಹುಡುಗರು ಸ್ಕಾಗೆ ತಮ್ಮ ಉಸಿರು ಕೊಟ್ಟರು. 1962ರ ಆಗಸ್ಟ್ 6ರಂದು ಜಮೈಕಾ ಸ್ವತಂತ್ರವಾದಾಗ ದ್ವೀಪವೆಲ್ಲ ಕುಣಿದದ್ದು ಈ ಲಯಕ್ಕೆ. ಕಾವೆಂಟ್ರಿಯಲ್ಲಿ ಹೊಸ ಕೆಥೆಡ್ರಲ್ ತೆರೆದ ವರ್ಷವೇ ಅದು. ಆಲ್ಫಾದಲ್ಲಿ ಕಲಿತ ರಿಕೊ ರಾಡ್ರಿಗಸ್ ಆಗಲೇ ಇಂಗ್ಲೆಂಡಿಗೆ ಬಂದಿದ್ದರು. 1967ರಲ್ಲಿ ಡ್ಯಾಂಡಿ ಲಿವಿಂಗ್‌ಸ್ಟನ್ ಹಾಡಿದ, ರೂಡಿ ಎಂಬವನನ್ನು ಕುರಿತ ಹಾಡಿಗೆ ಅವರದೇ ಟ್ರಾಂಬೋನ್. ಹನ್ನೆರಡು ವರ್ಷದ ಮೇಲೆ ಅದೇ ಹಾಡನ್ನು ಸ್ಪೆಷಲ್ಸ್ ಮತ್ತೆ ಹಾಡಿದಾಗಲೂ ಅವರದೇ. ತಮ್ಮ ಮಕ್ಕಳ ವಯಸ್ಸಿನವರ ಪಕ್ಕ ನಿಂತು, ತಾವೇ ನುಡಿಸಿದ ಹಾಡನ್ನು ಹೊಸದಾಗಿ ನುಡಿಸುವ ಭಾಗ್ಯ ಎಷ್ಟು ಜನರಿಗೆ ಸಿಕ್ಕೀತು?

ಊಟ ಮುಗಿದು ಬಸ್ಸಿಗೆ ಕಾಯುವಾಗ ಮಗಳು ಸ್ಪೆಷಲ್ಸ್ ಬ್ಯಾಂಡು ಜನ ಸಂಪಾದಿಸಿದ ಬಗೆಯನ್ನು ಹೇಳುತ್ತ ಹೋದಳು. ಮೊದಲು ಊರಿನ ಕ್ಲಬ್ಬುಗಳಲ್ಲಿ ನುಡಿಸಿದರು. 1978ರಲ್ಲಿ ದಿ ಕ್ಲ್ಯಾಶ್ ಎಂಬ ಹೆಸರಾಂತ ಪಂಕ್ ಬ್ಯಾಂಡಿನ ಪ್ರವಾಸದಲ್ಲಿ ಅವರಿಗಿಂತ ಮೊದಲು ವೇದಿಕೆ ಹತ್ತುವ ಅವಕಾಶ ಸಿಕ್ಕಿತು. ತಮ್ಮನ್ನು ನೋಡಲು ಬರದ ಜನರ ಮುಂದೆ ನುಡಿಸುವ ಅವಕಾಶ ಅದು. ಆಗ ಅವರು ಒಂದು ಹಾಡು ಪಂಕ್, ಒಂದು ಹಾಡು ರೆಗ್ಗೆ ಎಂದು ಬದಲಾಯಿಸುತ್ತಿದ್ದರು. ಲಯ ಬದಲಾದಾಗಲೆಲ್ಲ ಕುಣಿಯುವವರ ಕಾಲು ತಪ್ಪುತ್ತಿತ್ತು. ಬ್ರಾಕ್ನೆಲ್ ಎಂಬಲ್ಲಿ ತಲೆ ಬೋಳಿಸಿದ ಪುಂಡರು ವೇದಿಕೆಗೆ ನುಗ್ಗಿ ಹೊಡೆದಾಟವಾಯಿತು. ಇಂಥ ಜನರೂ ಕುಣಿಯುವ, ಆದರೆ ದ್ವೇಷಕ್ಕೆ ಎಡೆಯಿಲ್ಲದ ಲಯ ಬೇಕೆಂದು ಡ್ಯಾಮರ್ಸ್ ಯೋಚಿಸಿದ್ದು ಅಲ್ಲಿಂದ. ಪಂಕ್‌ನ ಸಿಟ್ಟು, ಸ್ಕಾದ ಕುಣಿತ ಎರಡೂ ಒಂದೇ ಹಾಡಿನೊಳಗೆ ಬಂದವು. 1979ರ ಅಕ್ಟೋಬರಿನಲ್ಲಿ ಸ್ಪೆಷಲ್ಸ್, ಮ್ಯಾಡ್ನೆಸ್, ಸೆಲೆಕ್ಟರ್ ಎಂಬ ಮೂರು ಬ್ಯಾಂಡುಗಳು ಒಂದೇ ಬಸ್ಸಿನಲ್ಲಿ ದೇಶ ತಿರುಗಲು ಹೊರಟವು. ಸೆಲೆಕ್ಟರ್‌ನ ಗಾಯಕಿ ಪಾಲಿನ್ ಬ್ಲ್ಯಾಕ್ ಅದಕ್ಕೆ ಮುಂಚೆ ಕಾವೆಂಟ್ರಿಯ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುತ್ತಿದ್ದವರು. ಕೊನೆಯ ಹಾಡಿನ ಹೊತ್ತಿಗೆ ನೋಡಲು ಬಂದವರೆಲ್ಲ ವೇದಿಕೆ ಹತ್ತಿಬಿಡುತ್ತಿದ್ದರು. ಯಾರು ಬ್ಯಾಂಡು, ಯಾರು ಜನ ಎಂದು ಗೊತ್ತಾಗುತ್ತಿರಲಿಲ್ಲ. ಮಾಗಿ ಬರುವ ಮುನ್ನ ಮೂರೂ ಬ್ಯಾಂಡುಗಳು ಟಿವಿ ಕಾರ್ಯಕ್ರಮವೊಂದರ ಒಂದೇ ಸಂಚಿಕೆಯಲ್ಲಿ ಕಾಣಿಸಿಕೊಂಡವು.

ಕೇಳಲು ಸಲೀಸಾದ ಕಥೆ. ಆದರೆ ಅದರ ಹಿಂದೆಯೇ 1981 ಇದೆ. ಕಾರ್ಖಾನೆಗಳು ಮುಚ್ಚುತ್ತಿದ್ದವು. ಆ ವರ್ಷ ಬ್ರಿಟನ್ನಿನ ನಿರುದ್ಯೋಗಿಗಳ ಸಂಖ್ಯೆ 25 ಲಕ್ಷ ದಾಟಿತು. ಏಪ್ರಿಲ್‌ನಲ್ಲಿ, ನಾವು ಬೆಳಿಗ್ಗೆ ಕಾಫಿ ಕುಡಿದ ಅದೇ ಪೇಟೆಯಲ್ಲಿ, ಸತ್ನಾಮ್ ಸಿಂಗ್ ಗಿಲ್ ಎಂಬ ಇಪ್ಪತ್ತರ ವಿದ್ಯಾರ್ಥಿಯನ್ನು ಜನಾಂಗದ್ವೇಷಿಗಳು ಹಾಡಹಗಲೇ ಕೊಂದರು. ಜೂನ್ 20ರಂದು ಸ್ಪೆಷಲ್ಸ್ ಊರಿನ ಬಟ್ಸ್ ಕ್ರೀಡಾಂಗಣದಲ್ಲಿ ಜನಾಂಗದ್ವೇಷದ ವಿರುದ್ಧ ಕಾರ್ಯಕ್ರಮ ಕೊಟ್ಟರು. ಅದೇ ತಿಂಗಳು ಹೊರಬಂದ "ಘೋಸ್ಟ್ ಟೌನ್" ಹಾಡು ಜುಲೈಯಲ್ಲಿ ಪಟ್ಟಿಯ ತುದಿಗೇರಿತು. ಬ್ರಿಟನ್ನಿನ ಊರೂರಲ್ಲಿ ಗಲಭೆಯ ಬೆಂಕಿ ಹತ್ತಿದ್ದ ದಿನಗಳು ಅವು. ಆ ಹಾಡಿನ ದುಗುಡವೆಲ್ಲ ಬಾಗಿಲು ಹಾಕಿಕೊಳ್ಳುತ್ತಿರುವ ಕ್ಲಬ್ಬುಗಳ ಬಗ್ಗೆ, ಕುಣಿಯಲು ಜಾಗವಿಲ್ಲದ ಊರಿನ ಬಗ್ಗೆ. ಹಾಡು ತುದಿ ಮುಟ್ಟಿದ ಹೊತ್ತಿಗೆ ಬ್ಯಾಂಡಿನೊಳಗಿನ ಮನಸ್ತಾಪವೂ ತುದಿ ಮುಟ್ಟಿತ್ತು. ಅದರಲ್ಲಿದ್ದ ಟೆರ್ರಿ ಹಾಲ್, ನೆವಿಲ್ ಸ್ಟೇಪಲ್, ಲಿನ್ವಲ್ ಗೋಲ್ಡಿಂಗ್ ಬಿಟ್ಟುಹೋದರು.

ಸಂಜೆ ಪಬ್ಬಿಗೆ ಹೋದಾಗ ಮುಂದಿನ ಕೋಣೆಯಲ್ಲಿ ಫುಟ್‌ಬಾಲ್ ನೋಡುವವರ ಕೂಗಾಟ. ಹಿಂದಿನ ಕೋಣೆಗೆ ಒಂದು ಚಿಕ್ಕ ಬಾಗಿಲು, ಅಲ್ಲಿ ಮುಂಗೈಗೆ ರಬ್ಬರ್ ಸ್ಟಾಂಪು ಒತ್ತುವ ಹುಡುಗ. ಒಳಗೆ ಹಲಗೆಯ ನೆಲ, ಗೇಣೆತ್ತರದ ವೇದಿಕೆ, ಬಿಯರು ಚೆಲ್ಲಿ ಒಣಗಿದ ವಾಸನೆ. ಮದುವೆಯ ಛತ್ರದಲ್ಲಿ ಉಗ್ರಾಣಕ್ಕೆ ಬಿಡುವಷ್ಟು ಜಾಗ. ಎಂಟು ಗಂಟೆಗೆ ಅಲ್ಲಿದ್ದವರಲ್ಲಿ ನೋಡುವವರಿಗಿಂತ ನುಡಿಸುವವರೇ ಹೆಚ್ಚೇನೋ ಎನ್ನಿಸಿತು. ಗೋಡೆಗೊರಗಿ ನಿಂತಿದ್ದ ಅರವತ್ತು ದಾಟಿದ ಗಂಡಸರ ಗುಂಪೊಂದಿತ್ತು. ಮೋಟು ಜಾಕೆಟ್ಟು, ಸಸ್ಪೆಂಡರು, ಮಿರಮಿರ ಹೊಳೆಯುವ ಬೂಟು. ಹದಿನೆಂಟರ ವಯಸ್ಸಿನಲ್ಲಿ ತೊಟ್ಟದ್ದನ್ನೇ ಹೊಟ್ಟೆಗೆ ತಕ್ಕಂತೆ ಸಡಿಲಿಸಿಕೊಂಡು ತೊಟ್ಟಂತಿತ್ತು. ಇನ್ನೊಂದು ಮೂಲೆಯಲ್ಲಿ ವಿಶ್ವವಿದ್ಯಾಲಯದ ಹುಡುಗ ಹುಡುಗಿಯರು. ನಡುವಿನ ನೆಲ ಖಾಲಿ.

ಬ್ಯಾಂಡಿನವರು ಏಳು ಜನ. ಹಾಡುವವನ ಅಜ್ಜ ಜಮೈಕಾದವರು. ಕೀಬೋರ್ಡಿನ ಮುಂದೆ ಪಗಡಿ ಕಟ್ಟಿದ ಹುಡುಗ, ಊರಿನ ಫೋಲ್ಸ್‌ಹಿಲ್ ಬಡಾವಣೆಯವನು. ಟ್ರಾಂಬೋನ್ ಹಿಡಿದವಳು ಕೆಂಚುಗೂದಲ, ತೆಳ್ಳಗಿನ ಹುಡುಗಿ. ಮೊದಲ ಹಾಡು ಶುರುವಾದಾಗ ನನ್ನ ಕೈ ಅಭ್ಯಾಸಬಲದಿಂದ ತಾಳ ಹಾಕಲು ಹೋಗಿ ತಬ್ಬಿಬ್ಬಾಯಿತು. ಒಂದು, ಎರಡು, ಮೂರು, ನಾಲ್ಕು ಎಂದು ನಾನು ಎಣಿಸುವ ಜಾಗದಲ್ಲಿ ಬೇಸ್ ಗಿಟಾರು ನಡೆಯುತ್ತಿದೆ. ಇನ್ನೊಂದು ಗಿಟಾರು ಮಾತ್ರ ಎಣಿಕೆಗಳ ಮೇಲೆ ಬೀಳದೆ, ಎರಡು ಎಣಿಕೆಗಳ ನಡುವಿನ ಖಾಲಿಯಲ್ಲೇ ಚಕ್, ಚಕ್ ಎಂದು ಕತ್ತರಿಸುತ್ತಿದೆ. ತಾಳ ಬಿದ್ದ ಅರ್ಧ ಅಕ್ಷರದ ಮೇಲೆ ಎತ್ತಿಕೊಳ್ಳುವ ಕೃತಿಗಳು ನಮ್ಮಲ್ಲೂ ಉಂಟು. ಆದರೆ ಅಲ್ಲಿ ಎಡುಪು ಒಮ್ಮೆ ಬಂದು ಸಾಹಿತ್ಯ ಮುಂದೆ ಹರಿಯುತ್ತದೆ. ಇಲ್ಲಿ ಆ ಅರ್ಧ ಅಕ್ಷರವೇ ಮನೆ, ಹಾಡಿಡೀ ಅಲ್ಲೇ ವಾಸ. ಕೈ ಸೋತರೂ ಮೊಣಕಾಲಿಗೆ ಅದು ಬೇಗ ತಿಳಿಯಿತು. ಖಾಲಿ ಬಿದ್ದ ಜಾಗದಲ್ಲಿ ಯಾರೋ ಹಿಂದಿನಿಂದ ಎತ್ತಿದಂತೆ ಕಾಲು ತಾನಾಗಿ ಮೇಲೇಳುತ್ತದೆ.

ಎರಡನೆಯ ಹಾಡು ಕೆಟ್ಟಿತು. ತುತ್ತೂರಿಯವನು ಒಂದು ಆವರ್ತ ಮೊದಲೇ ನುಗ್ಗಿದ, ಡ್ರಮ್ಮಿನವನು ಅವನ ಹಿಂದೆ ಓಡಿದ, ಹಾಡುವವನು ನಕ್ಕುಬಿಟ್ಟ. ನಿಲ್ಲಿಸಿ ಮತ್ತೆ ಶುರುಮಾಡಿದರು. ನಾನು ಕಿವಿ ಮುದುಡಿಕೊಂಡು ಗೋಡೆಯ ಕಡೆ ನೋಡಿದೆ. ಆ ಮುದುಕರ ಗುಂಪು ಚಪ್ಪಾಳೆ ತಟ್ಟುತ್ತಿತ್ತು. ಅವರಲ್ಲೊಬ್ಬರು ಲೋಟವನ್ನು ಕಿಟಕಿಯ ಅಂಚಿಗಿಟ್ಟು ಖಾಲಿ ನೆಲದ ನಡುವೆ ಹೋಗಿ ನಿಂತರು. ಮೊಣಕೈ ಮಡಚಿ, ಮಂಡಿಯನ್ನು ಒಂದಾದ ಮೇಲೊಂದು ಎತ್ತುತ್ತ, ನಿಂತಲ್ಲೇ ಓಡುವವರ ಹಾಗೆ ಕುಣಿಯತೊಡಗಿದರು. ಮುಖದಲ್ಲಿ ನಗುವಿಲ್ಲ, ಪ್ರದರ್ಶನವಿಲ್ಲ. ಮಾಡಬೇಕಾದ ಕೆಲಸ ಮಾಡುತ್ತಿದ್ದೇನೆ ಎಂಬ ಗಾಂಭೀರ್ಯ. ವಿದ್ಯಾರ್ಥಿಗಳು ಒಬ್ಬೊಬ್ಬರೇ ಇಳಿದರು. ಅರ್ಧ ಗಂಟೆಯಲ್ಲಿ ನೆಲ ತುಂಬಿ ಹಲಗೆಗಳು ಅದುರತೊಡಗಿದವು. ಮುಂದಿನ ಕೋಣೆಯಿಂದ ಫುಟ್‌ಬಾಲಿನವರೂ ಇಣುಕಿದರು. ಮಗಳು ನನ್ನ ಕೋಟನ್ನು ತಾನು ಇಸಿದುಕೊಂಡು, "ಇಲ್ಲಿ ನಮ್ಮೋರು ಯಾರೂ ಇಲ್ಲ ಚಿಕ್ಕಪ್ಪ, ಹೋಗಿ" ಎಂದಳು. ಹೋದೆ. ಮುಂದಿನದನ್ನು ಮೈಸೂರಿನಲ್ಲಿ ಬರೆಯುವುದು ಬೇಡ.

ವಿರಾಮದಲ್ಲಿ ಒಬ್ಬ ನಿವೃತ್ತ ಬಸ್ ಚಾಲಕರ ಪಕ್ಕ ಕೂತು ಸುಧಾರಿಸಿಕೊಂಡೆ. ಜಮೈಕಾದಿಂದ ಮಗುವಾಗಿ ಬಂದವರು. ಅವರ ತಂದೆತಾಯಿಯ ಕಾಲದಲ್ಲಿ ಎಷ್ಟೋ ನೃತ್ಯಶಾಲೆಗಳ ಬಾಗಿಲು ಕರಿಯರಿಗೆ ಮುಚ್ಚಿತ್ತು. ಅದನ್ನು ತಡೆಯುವ ಮೊದಲ ಕಾನೂನು ಬಂದದ್ದೇ 1965ರಲ್ಲಿ. ಹಾಗಾಗಿ ಯಾರದೋ ಮನೆಯ ನೆಲಮಾಳಿಗೆಯ ಸಾಮಾನು ಹೊರಗೆ ಹಾಕಿ, ಸ್ಪೀಕರು ತಂದಿಟ್ಟು, ಬೆಳಗಾಗುವವರೆಗೂ ಕುಣಿಯುತ್ತಿದ್ದರಂತೆ. ಆ ನೆಲಮಾಳಿಗೆಗಳಿಗೆ ದಾರಿ ಗೊತ್ತಿದ್ದ ಬಿಳಿ ಹುಡುಗರೇ ಆಮೇಲೆ ಸ್ಕಾ ಅಭಿಮಾನಿಗಳಾದರು ಎಂದು ಅವರು ಹೇಳಿದರು. ಬೆಳಿಗ್ಗೆಯಿಂದ ನಾನು ಕೇಳುತ್ತಿದ್ದ ಕಥೆಯ ತಳಹದಿ ಆಗ ಕಂಡಂತಾಯಿತು. ಹಾಡಿಗೆ ಮುಂಚೆ ಅಲ್ಲೊಂದು ಕೋಣೆ ಇತ್ತು. ಬಾಗಿಲು ಮುಚ್ಚಿಸಿಕೊಂಡವರು ತಾವೇ ತೆರೆದ ಕೋಣೆ.

ಕಾರ್ಯಕ್ರಮ ಮುಗಿದ ಮೇಲೆ ಬ್ಯಾಂಡಿನವರೇ ತಂತಿ ಸುತ್ತುತ್ತ, ಡ್ರಮ್ಮುಗಳನ್ನು ಹಳೆಯ ವ್ಯಾನಿಗೆ ತುಂಬುತ್ತಿದ್ದರು. ಟ್ರಾಂಬೋನಿನ ಹುಡುಗಿ ಬಾಗಿಲ ಬಳಿ ಟೀಶರ್ಟು ಮಾರಲು ಕೂತಿದ್ದಳು. ಮಗಳು ನನ್ನನ್ನು ಪರಿಚಯಿಸಿದಳು. ಹಗಲು ಪ್ರಾಥಮಿಕ ಶಾಲೆಯಲ್ಲಿ ಕೆಲಸವಂತೆ, ವಾರಾಂತ್ಯಕ್ಕೆ ಲೆಸ್ಟರ್, ಬರ್ಮಿಂಗ್‌ಹ್ಯಾಮ್, ಡಾರ್ಬಿ ಎಂದು ವ್ಯಾನು ಹತ್ತುವುದಂತೆ. ಜನ ಸೇರುತ್ತಿದ್ದಾರೆಯೇ ಎಂದು ಕೇಳಿದೆ. ಒಂದು ಊರಿಗೆ ಮೊದಲ ಸಲ ಹೋದಾಗ ಎಷ್ಟು ಜನ ಬಂದರು ಎಂದು ತಾವು ಲೆಕ್ಕ ಹಾಕುವುದಿಲ್ಲ, ಎರಡನೆಯ ಸಲ ಹೋದಾಗ ಅವರಲ್ಲಿ ಎಷ್ಟು ಜನ ಜತೆಗೊಬ್ಬರನ್ನು ಕರೆತಂದರು ಎಂಬುದೇ ಲೆಕ್ಕ ಎಂದಳು. ಸ್ವಲ್ಪ ತಡೆದು, ಅದಕ್ಕೆ ಎರಡನೆಯ ಸಲ ಹೋದಾಗ ಆ ಕೋಣೆ ಇನ್ನೂ ಇರಬೇಕಲ್ಲ ಎಂದೂ ಸೇರಿಸಿದಳು. ಅವಳು ಉತ್ಪ್ರೇಕ್ಷೆ ಮಾಡುತ್ತಿರಲಿಲ್ಲ. ಬ್ರಿಟನ್ನಿನ ಮ್ಯೂಸಿಕ್ ವೆನ್ಯೂ ಟ್ರಸ್ಟ್ ಕೊಟ್ಟ ಲೆಕ್ಕದಂತೆ 2023ರ ಒಂದೇ ವರ್ಷದಲ್ಲಿ ಇಂಥ 125 ಚಿಕ್ಕ ತಾಣಗಳಲ್ಲಿ ಸಂಗೀತ ನಿಂತುಹೋಗಿದೆ.

ಎರಡನೆಯ ಹಾಡು ಕೆಟ್ಟದ್ದರ ಬಗ್ಗೆ ಅವಳೇ ಮಾತು ತೆಗೆದಳು. ಅದು ಹೊಸ ಹಾಡು, ಇನ್ನೂ ನಾಲ್ಕಾರು ಕಡೆ ಕೆಡುತ್ತದೆ, ಆಮೇಲೆ ಸರಿಹೋಗುತ್ತದೆ ಎಂದಳು, ಪಾಕದ ಹದ ಹೇಳುವ ನಿಶ್ಚಿಂತೆಯಲ್ಲಿ. ಆಮೇಲೆ ಸಹಜ ಕುತೂಹಲದಿಂದ ಕೇಳಿದಳು: "ನಿಮ್ಮೂರಿನಲ್ಲಿ ಹೊಸ ಬ್ಯಾಂಡುಗಳು ಕೆಟ್ಟದಾಗಿ ನುಡಿಸುವುದು ಎಲ್ಲಿ?"

ನಾನು ದಸರೆಯ ಬಗ್ಗೆ ಏನೋ ಹೇಳಿದೆ. ಅರಮನೆಯ ಮುಂದೆ ಪೊಲೀಸ್ ಬ್ಯಾಂಡು ನುಡಿಸುವುದು, ಯುವದಸರೆಗೆ ಜನ ಕಿಕ್ಕಿರಿಯುವುದು. ಅವಳು ಸೌಜನ್ಯದಿಂದ ತಲೆಯಾಡಿಸಿದಳು. ಅದು ಅವಳು ಕೇಳಿದ್ದಕ್ಕೆ ಉತ್ತರವಾಗಿರಲಿಲ್ಲ. ದಸರೆಯ ವೇದಿಕೆಗೆ ಹತ್ತುವವರು ಆಗಲೇ ಚೆನ್ನಾಗಿ ನುಡಿಸಬಲ್ಲವರು.

ಊರಿಗೆ ಬಂದ ಮೇಲೂ ಅದೇ ಯೋಚನೆ. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಲುಂಗಿಯುಟ್ಟು, ಗೆಜ್ಜೆ ಕಟ್ಟಿ, ಶಿಶುನಾಳ ಷರೀಫರ ಪದಗಳನ್ನು ಗಿಟಾರಿಗೆ ಹಾಡಿ, ವೇದಿಕೆಯಿಂದ ವೇದಿಕೆಗೆ ಜನ ಕಟ್ಟಿಕೊಂಡು 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದವರೆಗೆ ಹೋದರು. ದೆಹಲಿಯಲ್ಲಿ 2009ರಲ್ಲಿ ಹುಟ್ಟಿದ ದಿ ಸ್ಕಾ ವೆಂಜರ್ಸ್ ಎಂಬ ಬ್ಯಾಂಡು ಈ ಸ್ಕಾವನ್ನೇ ನಮ್ಮ ದೇಶದಲ್ಲಿ ನುಡಿಸಿ ಹೆಸರಾಯಿತು. ಹಾಗಾಗಿ ಪ್ರತಿಭೆಗಾಗಲಿ ಕೇಳುವ ಕಿವಿಗಾಗಲಿ ಬರವಿಲ್ಲ. ಬರ ಇರುವುದು ನೂರು ಜನ ಹಿಡಿಸುವ, ತಿಂಗಳು ತಿಂಗಳೂ ತೆರೆದಿರುವ ಕೋಣೆಗೆ. ಬೆಂಗಳೂರಿನ ಹೋಟೆಲು, ಪಬ್ಬುಗಳಲ್ಲಿ ಲೈವ್ ಸಂಗೀತಕ್ಕೆ ಪೊಲೀಸರ ಪರವಾನಗಿ ಬೇಕೆನ್ನುವ 2005ರ ಆದೇಶವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿಯಿತು. ಆ ವರ್ಷ ಎಷ್ಟೋ ಕಡೆ ವಾದ್ಯಗಳು ಮೂಕವಾದವು. ನಿದ್ದೆಗೆಡುವ ಅಕ್ಕಪಕ್ಕದವರ ದೂರಿನಲ್ಲೂ ನ್ಯಾಯವಿದೆ, ನಾನೂ ಅಂಥ ಅಕ್ಕಪಕ್ಕದವನೇ. ಆದರೂ ಗಣಪತಿ ಬಿಡುವ ದಿನ ಬಿಟ್ಟರೆ ನಮ್ಮ ಹುಡುಗರು ನಾಲ್ಕು ಜನರೆದುರು ಕಾಲೆತ್ತುವುದು ಎಲ್ಲಿ?

ಶಾಸ್ತ್ರೀಯ ಸಂಗೀತದವರಿಗೆ ಈ ವಿಷಯ ಎಂದೋ ಗೊತ್ತಿತ್ತು. ಮೈಸೂರಿನ ಗಾಯಕ ಬಿಡಾರಂ ಕೃಷ್ಣಪ್ಪನವರು ಹಾಡಿಕೊಂಡು ಸುಮ್ಮನಿರದೆ ಶಿವರಾಂಪೇಟೆಯಲ್ಲಿ ರಾಮಮಂದಿರ ಕಟ್ಟಿಸಿ, ಅದನ್ನೇ ಕಛೇರಿಯ ಮನೆಯಾಗಿಸಿದರು. ಅವರ ಶಿಷ್ಯ ಚೌಡಯ್ಯನವರ ಪಿಟೀಲಿನ ಹೆಸರು ಲೋಕಕ್ಕೆ ಗೊತ್ತು, ಗುರು ಕಟ್ಟಿಸಿದ ಮಂದಿರದ ಹೆಸರು ಗೊತ್ತಿರುವವರು ಕಡಿಮೆ. ಈಗಲೂ ರಾಮನವಮಿಗೆ, ಗಣಪತಿ ಹಬ್ಬಕ್ಕೆ ದೊಡ್ಡವರ ಕಛೇರಿಗೆ ಮುಂಚೆ ಸಂಜೆಯ ಹೊತ್ತು ಮಕ್ಕಳನ್ನು ಕೂರಿಸುತ್ತಾರೆ. ಶ್ರುತಿ ಬಿಟ್ಟ ಮಗುವಿಗೂ ಮುಂದಿನ ಸಾಲಿನ ತಾತ ಭೇಷ್ ಎನ್ನುತ್ತಾರೆ, ಮುಂದಿನ ವರ್ಷ ಅದೇ ತಾತ ಅದೇ ಮಗುವನ್ನು ಕೇಳಲು ಬರುತ್ತಾರೆ. ಕಾವೆಂಟ್ರಿಯಲ್ಲಿ ಲೋಟ ಕೆಳಗಿಟ್ಟು ಒಬ್ಬರೇ ಕುಣಿದ ಆ ಮುದುಕರದೂ ಇದೇ ಕೆಲಸ. ಕೂತು ಕೇಳುವ ಸಂಗೀತಕ್ಕೆ ನಾವು ಕೊಟ್ಟ ಈ ಸವಲತ್ತನ್ನು ನಿಂತು ಕುಣಿಯುವ ಸಂಗೀತಕ್ಕೆ ಕೊಟ್ಟಿಲ್ಲ.

ನಮ್ಮ ಬಡಾವಣೆಯ ಸಮುದಾಯ ಭವನಕ್ಕೆ ತಿಂಗಳಲ್ಲಿ ಬಹುಪಾಲು ದಿನ ಬೀಗ. ಮೊನ್ನೆ ಸಂಘದ ಕಾರ್ಯದರ್ಶಿಗಳನ್ನು ಹಿಡಿದು, ತಿಂಗಳಿಗೊಂದು ಸಂಜೆ ರಾತ್ರಿ ಒಂಬತ್ತರವರೆಗೆ ಕಾಲೇಜು ಹುಡುಗರ ಬ್ಯಾಂಡಿಗೆ ಭವನ ಬಿಟ್ಟುಕೊಡಬಹುದೇ ಎಂದು ಕೇಳಿದೆ.

"ಹುಡುಗ್ರು ಚೆನ್ನಾಗಿ ನುಡಿಸ್ತಾರಾ ಸಾರ್?"

"ಇನ್ನೂ ಇಲ್ಲ."

"ಮತ್ತೆ ಚೆನ್ನಾಗಿ ನುಡಿಸೋರನ್ನೇ ಕರೆಸಬಹುದಲ್ಲ?"

ಚೆನ್ನಾಗಿ ನುಡಿಸುವವರು ಎಲ್ಲಿಂದ ಬರುತ್ತಾರೆ ಎಂಬುದೇ ನನ್ನ ತಕರಾರು ಎಂದೆ. ಅವರು ನನ್ನನ್ನು ಒಂದು ಕ್ಷಣ ನೋಡಿ, ಅರ್ಜಿ ಬರೆದುಕೊಡಿ, ಮುಂದಿನ ಸಭೆಯಲ್ಲಿ ಇಡೋಣ ಎಂದರು. ಬರೆದು ಕೊಟ್ಟಿದ್ದೇನೆ. ಉದ್ದೇಶ ಎಂಬ ಜಾಗದಲ್ಲಿ "ಸಂಗೀತಾಭ್ಯಾಸ, ಸಾರ್ವಜನಿಕರ ಎದುರಿಗೆ" ಎಂದು ತುಂಬಿದ್ದೇನೆ.